ಕುದಿಸಿದ ಹಿಂಡಿ, ಬಾಗಿದ ಮೀನುಮರಿ

ಮಾನ್ಯ ಓದುಗರಿಗೆ,

ಇದು ನನ್ನ ಮೊದಲ ಬರಹ. ಅಕ್ಷರಗಳು ಸಾಲು ಬಿಟ್ಟು ಇಳಿದಿರುವುದಕ್ಕೂ ಕಾಗುಣಿತ ಅಲ್ಲಲ್ಲಿ ಕೆಟ್ಟಿರುವುದಕ್ಕೂ ಮೊದಲೇ ಕ್ಷಮೆ ಕೋರುತ್ತೇನೆ.

ವಿಷಯ: ನನ್ನ ಮತ್ತು ನನ್ನ ನೆಗೆಣ್ಣಿಯ ಮೀನುಮರಿಗಳು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸುವುದೇನೆಂದರೆ, ಔರಾದ್ ತಾಲ್ಲೂಕಿನ ಎಕಂಬಾದಲ್ಲಿ ನಮ್ಮ ಹೊಲವಿದೆ. ನೆಗೆಣ್ಣಿಯ ಗಂಡ, ಅಂದರೆ ನನ್ನ ಮೈದುನನ ಹೊಲ ಭಾಲ್ಕಿಯ ಹತ್ತಿರ. ಎರಡೂ ಕಡೆ ಕೃಷಿ ಹೊಂಡಗಳಿವೆ. ಮಾವನವರು ಬೀದರ್‌ನಿಂದ ಮೀನುಮರಿಗಳನ್ನು ತಂದು ಇಬ್ಬರಿಗೂ ಸಮನಾಗಿ ಹಂಚಿದರು.

"ಮುಂದಿನ ಸಲ ಒಂದೇ ಹೊಂಡಕ್ಕ ತರ್ತೇನಿ. ಯಾರ ಮರಿ ಚಲೋ ಬೆಳೀತಾವು, ಅವರಿಗೇ," ಎಂದರು.

ಅವು ನನಗೇ ಸಿಗಬೇಕೆಂದು ಹಟ ತೊಟ್ಟೆ. ಎಮ್ಮೆ ಸಾಕುವುದರಲ್ಲಿ ನಮ್ಮ ಮನೆತನದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಎಮ್ಮೆಗೆ ಮಾಡುವಂತೆಯೇ ಶೇಂಗಾ ಹಿಂಡಿ, ತೌಡು, ವಿಟಮಿನ್ ಪುಡಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಉಂಡೆ ಕಟ್ಟಿ ಹಾಕುತ್ತಿದ್ದೆ. ನೆಗೆಣ್ಣಿಯಾದರೋ ಎಮ್ಮೆ ಸಾಕಿದವಳಲ್ಲ. ಒಲೆ ಹೊತ್ತಿಸಲೂ ಬೇಸರಪಡುವವಳು.

ಆದರೂ ಬೆನ್ನು ಬಾಗತೊಡಗಿದ್ದು ನನ್ನ ಮರಿಗಳದು. ಬೀದರ್‌ನ ಮೈಲೂರಿನಲ್ಲಿ ಪುಡಿಯ ಇನ್ನೊಂದು ಪೊಟ್ಟಣ ಕೊಂಡು ತಂದು ಅದನ್ನೂ ಕುದಿಸಿದೆ. ಪ್ರಯೋಜನವಾಗಲಿಲ್ಲ. ಭಾಲ್ಕಿಗೆ ಹೋಗಿ ನೋಡಿದರೆ ಅವಳ ಮರಿಗಳು ನೆಟ್ಟಗೆ ಹೊಳೆಯುತ್ತ, ಅವಳ ನೆರಳು ಬಿದ್ದತ್ತ ಓಡಿ ಬರುತ್ತಿದ್ದವು. ನನ್ನ ಹೊಟ್ಟೆ ಉರಿಯಿತು.

"ಚಲೋ ಚಲೋ ಮರಿ ನೀನೇ ಆರಿಸಿಕೊಂಡೀಯೇನ?" ಎಂದೆ.

"ಅಯ್ಯ ಅಕ್ಕಾ, ಎಲ್ಲಾ ಒಂದೇ ಚೀಲದಾಗಿನವು ಅವ್ರಿ! ನೀವೇನ್ ತಿನ್ನಸ್ತೀರಿ?"

ಹೇಳಿದೆ. ಅವಳು ನಕ್ಕುಬಿಟ್ಟಳು.

"ಪುಡೀನೂ ಕುದಸ್ತೀರಿ? ಅದರಾಗಿನ ಸಿ ವಿಟಮಿನ್ ಬಿಸಿಗಿ ಹಾಳಾಗ್ತದರಿ. ಅದು ಸಿಗದಿದ್ರ ಸಣ್ಣ ಮರಿ ಬೆನ್ನು ಬಾಗ್ತದ. ನಾ ಮೈಗಳ್ಳತನಕ್ಕ ಕುದಸ್ಲಿಲ್ಲ, ತಣ್ಣಗಿನ ಹಿಂಡ್ಯಾಗ ಪುಡಿ, ಎಣ್ಣಿ ಕಲಸಿ ಹಾಕಿದೆ. ಮೀನುಗಾರಿಕೆ ಸಾಹೇಬ್ರು ಅದೇ ಬರೋಬರಿ ಅಂದ್ರು. ಮೀನೇನು ನಿಮ್ಮ ಎಮ್ಮಿ ಏನ್ರಿ?"

ಅವಳ ಸೋಮಾರಿತನವೂ ಗೆದ್ದಿತಲ್ಲ ಎಂದು ಬಸ್ಸಿನುದ್ದಕ್ಕೂ ಕುದಿದೆ.

ಮಾವನವರು ಎರಡೂ ಹೊಂಡ ನೋಡಿ ಬಂದಾಗ ಅವಳೇ ಬಾಯಿ ತೆರೆದಳು: "ಮುಂದಿನ ಮರಿ ಅಕ್ಕಗೇ ಕೊಡ್ರಿ ಮಾಮಾ. ಬಾಗಿದ್ದು ನೆಟ್ಟಗಾಗಂಗಿಲ್ಲ. ಹೊಸಾವು ಬಂದ್ರ ಚಲೋ ಬೆಳಸ್ತಾರ."

ಮರಿಗಳು ನನಗೆ ಬಂದವು. ಈಗ ಪುಡಿಯನ್ನು ತಣ್ಣಗೆ ಕಲಸುತ್ತೇನೆ. ಅವುಗಳ ಬೆನ್ನು ನೇರವಾಗಿದೆ. ಆದರೆ ಮನೆಗೆ ಬಂದವರಿಗೆಲ್ಲ ಮಾವನವರು ಹೊಂಡ ತೋರಿಸಿ, "ಸಣ್ಣ ಸೊಸಿ ಮನಸು ಭಾಳ ದೊಡ್ಡದು," ಎನ್ನುತ್ತಾರೆ. ಮರಿಗಳಿಗಿಂತ ಆ ಮಾತು ನನಗೆ ಬೇಕಾಗಿತ್ತು.

ಇದರಲ್ಲಿ ಕಂಡ ತಪ್ಪುಗಳನ್ನು ತಾವು ದಯಮಾಡಿ ಬೇಗನೆ ತಿದ್ದಬೇಕೆಂದು ಪ್ರಾರ್ಥನೆ. ತಡವಾದರೆ ನೆಗೆಣ್ಣಿ ಓದುತ್ತಾಳೆ, ನಗುನಗುತ್ತ ತಾನೇ ತಿದ್ದಿಕೊಡುತ್ತಾಳೆ.