ಮೊದಲು ಅವನದಾಗಲಿ

ಹಾರನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅರ್ಚಕರು ಬೆಳಗ್ಗೆ ಕಾಫಿ ಕೊಟ್ಟರೂ ಲೋಟ ಪಕ್ಕಕ್ಕಿಟ್ಟು, ಗುಡಿಯ ಕಡೆ ಕೈ ತೋರಿಸಿ, “ಮೊದಲು ಅವನದಾಗಲಿ” ಎನ್ನುತ್ತಿದ್ದರು. ಹೊಟ್ಟೆಯ ಆಪರೇಷನ್‌ಗೆ ದಿನ ಗೊತ್ತಾದಾಗ ಆಸ್ಪತ್ರೆಯವರು ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ನಾನು ಅದರಲ್ಲಿ ಬರುವ ಪ್ರಶ್ನೆ ಓದಿ, ಅವರು ಹೇಳಿದ ಉತ್ತರ ಒತ್ತುತ್ತಿದ್ದೆ.

ಆಪರೇಷನ್ನಿನ ಬೆಳಗ್ಗೆ, “ಏನಾದರೂ ತಿಂದಿರಾ, ಕುಡಿದಿರಾ?” ಎಂಬ ಪ್ರಶ್ನೆ ಬಂತು. “ಇಲ್ಲ” ಎಂದರು, ಒತ್ತಿದೆ. ಅರಸೀಕೆರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರ ಅಂಗೈಯಿಂದ ಬಾಳೆಹಣ್ಣು, ಜೇನುತುಪ್ಪದ ವಾಸನೆ ಬಂತು.

“ಪಂಚಾಮೃತ ತಗೊಂಡ್ರಾ?”

“ಪೂಜೆ ಮಾಡಿ ತಗೊಳ್ದೆ ಇರಕ್ಕಾಗುತ್ತೇನಯ್ಯ? ಪ್ರಸಾದ ಊಟ ಆಗುತ್ತಾ?”

ಹೊಟ್ಟೆಯಲ್ಲಿ ಹಾಲಿದ್ದರೆ, ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ ಎಂದು ಆ್ಯಪಿನ ವಿಡಿಯೋದಲ್ಲಿ ಇಬ್ಬರೂ ನೋಡಿದ್ದೆವು. ಅದನ್ನು ನೆನಪಿಸಿದೆ. ಅವರು ಮೊಬೈಲನ್ನು ನನ್ನ ಕೈಗಿಟ್ಟು, “ತಿಂದೆ ಅಂತ ಒತ್ತು” ಎಂದರು. ಆಪರೇಷನ್ ಮುಂದಕ್ಕೆ ಹೋಯಿತು.

ಮುಂದಿನ ಸಲ ನಾನು ಗುಡಿಗೇ ಹೋಗಿ ಕಾದೆ. ಬಂದವರಿಗೆಲ್ಲ ಪಂಚಾಮೃತ ಕೊಟ್ಟು, ತಮ್ಮ ಪಾಲಿನದನ್ನು ಕಣ್ಣಿಗೊತ್ತಿಕೊಂಡು ನನ್ನ ಅಂಗೈಗೆ ಹಾಕಿದರು. ಮೊಬೈಲಿನಲ್ಲಿ ಅದೇ ಪ್ರಶ್ನೆ ಬಂತು; ಓದಿದೆ.

ಅವರು ಗರ್ಭಗುಡಿಯಿಂದ ಕಣ್ಣು ತೆಗೆಯಲಿಲ್ಲ.

“ಅವನದಾಯ್ತು. ನಂದು ಇಲ್ಲ ಅಂತ ಒತ್ತಯ್ಯ.”