ಕೈ ಎತ್ತಲು ಕಲಿಸಿದ ಕಾಕ

ಕಳೆದ ವಾರ ರಿಯಾದಿನ ಒಲಾಯಾದಲ್ಲಿ ಆಫೀಸಿನಿಂದ ಇಳಿದು ರಸ್ತೆ ದಾಟುತ್ತಿದ್ದೆ. ರಸ್ತೆ ಅಗೆದಿದ್ದರು. ಎಚ್ಚರಿಕೆಯ ಫಲಕವೊಂದನ್ನು ನಿಲ್ಲಿಸಿ, ಗಾಳಿಗೆ ಬೀಳದಿರಲೆಂದು ಅದರ ಕಾಲಿನ ಮೇಲೆ ಮರಳಿನ ಚೀಲ ಇಟ್ಟಿದ್ದರು. ಬಿಳಿ ಪ್ಲಾಸ್ಟಿಕ್ ಚೀಲ, ಬಾಯಿಗೆ ಕಟ್ಟಿದ ನೀಲಿ ಹಗ್ಗ, ಒಂದು ಮೂಲೆಯಿಂದ ಸಣ್ಣಗೆ ಸೋರಿದ ಮರಳು. ಅಷ್ಟೇ. ನನ್ನ ಕಾಲು ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದವರೊಬ್ಬರು ಡಿಕ್ಕಿ ಹೊಡೆದು, ಸಾರಿ ಹೇಳಿ ಹೋದರು. ನಾನು ಬಗ್ಗಿ ಚೀಲವನ್ನು ಕೈಯಿಂದ ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿಯೇ ಕೂತಿತ್ತು. ಆದರೂ ಇನ್ನೊಮ್ಮೆ ನೋಡಿದೆ.

ಅಂಥ ಚೀಲ ಕಂಡಾಗಲೆಲ್ಲ ಮೊದಲು ನಾನು ಕೆಲಸಕ್ಕಿದ್ದ ಜಿಜಾನಿನ ಒಂದು ಶುಕ್ರವಾರ ಕಣ್ಣೆದುರು ಬರುತ್ತದೆ. ಅದರ ಹಿಂದೆಯೇ ಕಾಕ ಬರುತ್ತಾರೆ...

ಕಾಕ ನಮ್ಮ ಫುಟ್‌ಬಾಲ್ ತಂಡದ ಹಿರಿಯ ಆಟಗಾರ. ಉಳ್ಳಾಲದ ಕಡೆಯ ಬ್ಯಾರಿ. ಕೆಲಸದಲ್ಲಿ ಎಸಿ ಟೆಕ್ನೀಷಿಯನ್. ತಂಡದ ಬ್ಯಾರಿ ಹುಡುಗರು ಅವರನ್ನು ಕಾಕ ಎನ್ನುತ್ತಿದ್ದರು, ಉಡುಪಿ ಕಡೆಯಿಂದ ಬಂದ ನಾವು ನಾಲ್ಕೈದು ಮಂದಿಯೂ ಹಾಗೇ ಕರೆದೆವು. ಜಿಜಾನಿನ ಸೆಕೆಯಲ್ಲಿ ಹೊರಗೆ ಆಡುವುದು ಆಗದ ಮಾತು. ಹಳೆಯ ಗೋದಾಮೊಂದಕ್ಕೆ ಎಸಿ ಹಾಕಿ, ನೆಲಕ್ಕೆ ರಬ್ಬರ್ ಹಾಸಿ, ಒಬ್ಬ ಸೌದಿ ಯಜಮಾನರು ಆಟದ ಹಾಲ್ ಮಾಡಿದ್ದರು. ಒಂದು ಕಡೆಗೆ ಐದೇ ಜನರ ಒಳಾಂಗಣ ಆಟ. ಶುಕ್ರವಾರ ಜುಮಾ ನಮಾಜು ಮುಗಿದು, ಊಟ ಮಾಡಿ, ಒಂದು ನಿದ್ದೆ ತೆಗೆದ ಮೇಲೆ ನಾವೆಲ್ಲ ಅಲ್ಲಿ ಸೇರುತ್ತಿದ್ದೆವು.

ನಾನು ಗೋಲ್‌ಕೀಪರ್. ಹಾಗಾಗಿ ಕಾಕನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದವನು. ಎರಡು ನಂಬರಿನ ಅಂಗಿ, ಬಲ ತೋಳಿನ ಹೊಲಿಗೆ ಬಿಚ್ಚಿದ್ದು. ಎದುರಾಳಿಯ ಕಾಲಿನ ಆಟಕ್ಕೆ ಅವರು ಮರುಳಾಗುತ್ತಿರಲಿಲ್ಲ, ಅವನ ಸೊಂಟವನ್ನೇ ನೋಡುತ್ತಿದ್ದರು. ಕಾಲು ಸುಳ್ಳು ಹೇಳುತ್ತದೆ, ಸೊಂಟಕ್ಕೆ ಅಷ್ಟು ಬುದ್ಧಿ ಇಲ್ಲ ಎನ್ನುತ್ತಿದ್ದರು. ಮಲಪ್ಪುರಂ ಕಡೆಯ ಒಬ್ಬ ಭಾರೀ ಆಟಗಾರ ಮೂರು ಜನರನ್ನು ದಾಟಿ ಬಂದವನು ಕಾಕನ ಎದುರು ಬಂದು ನಿಂತು, ಚೆಂಡು ಎಲ್ಲಿ ಹೋಯಿತೆಂದು ತನ್ನ ಕಾಲಿನ ಬುಡದಲ್ಲೇ ಹುಡುಕಿದ್ದನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ ಚೆಂಡು ಆ ಕಡೆಯ ಗೋಲಿನ ಹತ್ತಿರ ಇತ್ತು. ಕಾಕ ಅವನ ಬೆನ್ನು ತಟ್ಟಿ ಸಮಾಧಾನ ಮಾಡುತ್ತಿದ್ದರು.

ಗೋಲು ತಿಂದ ಕೂಡಲೇ ಒಬ್ಬರನ್ನೊಬ್ಬರು ಬೈಯುವುದು ನಮ್ಮ ಕರಾವಳಿಯವರ ಪದ್ಧತಿ. ಚೆಂಡು ಬಲೆಯಿಂದ ಹೊರಗೆ ಬರುವ ಮೊದಲೇ ತುಳು, ಬ್ಯಾರಿ, ಕೊಂಕಣಿ ಮೂರರಲ್ಲೂ ವಂಶಾವಳಿ ಬಿಚ್ಚುತ್ತಿತ್ತು. ಕಾಕ ಇದಕ್ಕೆ ಒಂದು ನಿಯಮ ತಂದರು. ಯಾರು ತಾನು ಕಾಯಬೇಕಾದ ಎದುರಾಳಿಯನ್ನು ಬಿಟ್ಟನೋ ಅವನು ತಾನಾಗಿ ಕೈ ಎತ್ತಬೇಕು. ಎತ್ತಿದವನಿಗೆ ಆಮೇಲೆ ಯಾರೂ ಒಂದು ಮಾತೂ ಹೇಳಕೂಡದು. ಮೊದಮೊದಲು ನಗಾಡಿದೆವು. ಎರಡು ತಿಂಗಳಲ್ಲಿ ಅಭ್ಯಾಸವಾಯಿತು. ಬೈಗಳ ನಿಂತದ್ದರಿಂದ ಉಸಿರೂ ಉಳಿಯಿತು, ಆಟವೂ ಸುಧಾರಿಸಿತು.

ಆ ಶುಕ್ರವಾರ ನಮ್ಮದೇ ತಂಡ ನಡೆಸಿದ ಪಂದ್ಯಾವಳಿ. ಎಂಟು ತಂಡಗಳು, ಹಾಗಾಗಿ ಬೆಳಿಗ್ಗೆಯೇ ಶುರು. ಹಾಲಿನ ಹೊರಗೆ ನಾಲ್ಕು ಕಾಲಿನ ಡೇರೆ ಹಾಕಿ ಚಹಾ, ಗೋಳಿಬಜೆ ವ್ಯವಸ್ಥೆ ಮಾಡಿದ್ದೆವು. ಮಧ್ಯಾಹ್ನ ಕಳೆದ ಮೇಲೆ ಧೂಳಿನ ಗಾಳಿ ಎದ್ದಿತು. ಡೇರೆಯ ಕಾಲು ನೆಲದಿಂದ ಏಳತೊಡಗಿತು, ಅದರ ಅಡಿಯಲ್ಲಿ ಕುದಿಯುವ ಎಣ್ಣೆಯ ಬಾಣಲೆ. ನಾನು ಕಂಪೆನಿಯೊಂದರಲ್ಲಿ ಸೇಫ್ಟಿ ಆಫೀಸರ್. ಅಪಾಯ ಕಾಣುವುದೇ ನನ್ನ ಕೆಲಸ, ಕಾಕ ನನ್ನನ್ನು ಕರೆಯುತ್ತಿದ್ದದ್ದೂ ಸೇಫ್ಟಿ ಎಂದೇ. ನೋಡಿದವನೇ ಒಳಗೆ ಓಡಿದೆ. ಗೋಲಿನ ಕಬ್ಬಿಣದ ಚೌಕಟ್ಟು ಮಗುಚದ ಹಾಗೆ ಅದರ ಹಿಂಭಾಗದಲ್ಲಿ ಮರಳಿನ ಚೀಲ ಹೇರಿದ್ದರು. ಒಂದು ಗೋಲಿನ ನಾಲ್ಕೂ ಚೀಲ ಹೊತ್ತು ತಂದು ಡೇರೆಯ ನಾಲ್ಕು ಕಾಲಿಗೆ ಇಟ್ಟೆ. ಗಾಳಿ ನಿಂತ ಮೇಲೆ ವಾಪಸ್ ಇಡುವುದೆಂದು ಮನಸ್ಸಿನಲ್ಲಿತ್ತು. ಗೋಳಿಬಜೆ ಹಾಕುತ್ತಿದ್ದವರು ಒಂದು ಪ್ಲೇಟ್ ಕೊಟ್ಟು, ನೀನಿದ್ದದ್ದಕ್ಕೆ ಆಯಿತು ಮಾರಾಯ ಎಂದರು. ನಾನು ತಿಂದೆ. ಮರೆತೆ.

ಪ್ರತಿ ಶುಕ್ರವಾರ ಆಟ ಶುರುವಾಗುವ ಮುಂಚೆ ಕಾಕ ಎರಡೂ ಗೋಲಿನ ಹಿಂದೆ ಹೋಗಿ ಚೀಲಗಳನ್ನು ಹಿಮ್ಮಡಿಯಿಂದ ಒದ್ದು ನೋಡುತ್ತಿದ್ದರು. ಅವತ್ತು ಬೆಳಿಗ್ಗೆಯೂ ನೋಡಿದ್ದರು. ಆಗ ಇದ್ದವು.

ಫೈನಲ್‌ನಲ್ಲಿ ನಾವೇ ಗೆದ್ದೆವು. ಒಂದೇ ಗೋಲು, ಕೊನೆಯ ನಾಲ್ಕು ನಿಮಿಷ ಪೂರ್ತಿ ನಮ್ಮ ಬಾಗಿಲಲ್ಲೇ ಆಟ, ಕಾಕ ಗೋಡೆಯ ಹಾಗೆ. ಸೀಟಿ ಊದಿದ ಕೂಡಲೇ ನಾನು ಗೆದ್ದಾಗಲೆಲ್ಲ ಮಾಡುವುದನ್ನೇ ಮಾಡಿದೆ. ಮುಂದೆ ಓಡಿ, ತಿರುಗಿ, ಹಾರಿ ಗೋಲಿನ ಮೇಲಿನ ಅಡ್ಡ ಕಬ್ಬಿಣದ ಬಾರಿಗೆ ಜೋತುಬಿದ್ದೆ. ಬಾರು ನನ್ನೊಟ್ಟಿಗೆ ಬಂತು.

ಇದನ್ನು ಎಷ್ಟು ಸಲ ಮತ್ತೆ ಕಂಡಿದ್ದೇನೋ ಲೆಕ್ಕವಿಲ್ಲ. ಮೊದಲು ಬೆನ್ನು ನೆಲಕ್ಕೆ ಬಡಿಯುತ್ತದೆ. ಆಮೇಲೆ ಮೇಲಿನ ದೀಪಗಳನ್ನು ಮುಚ್ಚಿಕೊಂಡು ಬಿಳಿ ಕಬ್ಬಿಣ ಇಳಿಯುತ್ತದೆ. ಆಮೇಲೆ ನಿಲ್ಲುತ್ತದೆ. ನನ್ನ ಮುಖದಿಂದ ಒಂದು ಗೇಣು ಮೇಲೆ. ಬಾರಿನ ಅಡಿಗೆ ಯಾರೋ ಅಂಟಿಸಿದ್ದ ಚೂಯಿಂಗ್ ಗಮ್ಮಿನಲ್ಲಿ ಹಲ್ಲಿನ ಗುರುತು ಕಾಣುತ್ತಿತ್ತು... ಅದರ ಆಚೆ ಕಾಕನ ಮುಖ. ಎಡ ಭುಜವನ್ನು ಬಾರಿನ ಅಡಿಗೆ ಕೊಟ್ಟು ಅರ್ಧ ಕೂತಿದ್ದರು.

"ಏಳು ಮಾರಾಯ," ಎಂದರು. "ಭಾರ ಉಂಟು."

ಭುಜದ ಎಲುಬು ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಎಲುಬು ಕೂಡಿತು, ಆದರೆ ಎಡಗೈ ಎದೆಯಿಂದ ಮೇಲಕ್ಕೆ ಏಳಲಿಲ್ಲ. ಆಟ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡದು, ಏಣಿ ಹತ್ತಿ ಎಸಿ ಎತ್ತಿ ಕೂರಿಸುವ ಕೆಲಸವೂ ಮುಗಿಯಿತು. ಮುಂದಿನ ಸಲ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವುದಿಲ್ಲ ಎಂದು ಕಂಪೆನಿಯವರು ಮೆತ್ತಗೆ ತಿಳಿಸಿದರು. ಊರಲ್ಲಿ ಹೆಂಡತಿ, ಓದುವ ಇಬ್ಬರು ಹೆಣ್ಣುಮಕ್ಕಳು. ನಲವತ್ತೆರಡು ವರ್ಷಕ್ಕೆ, ಮೇಲೇಳದ ಒಂದು ಕೈ ಇಟ್ಟುಕೊಂಡು ಅವರು ವಿಮಾನ ಹತ್ತಬೇಕಾಗಿತ್ತು. ಮನೆಯವರಿಗೆ ನೆಲ ಜಾರಿ ಬಿದ್ದೆ ಎಂದಷ್ಟೇ ಹೇಳಿದ್ದರು.

ಆಗ ಹಾಲಿನ ಯಜಮಾನರು ಖರ್ಜೂರದ ಪೊಟ್ಟಣ ಹಿಡಿದು ಕಾಕನ ರೂಮಿಗೆ ಬಂದರು. ತನ್ನ ಹಾಲಿನಲ್ಲಿ ತನ್ನವರ ಅಜಾಗ್ರತೆಯಿಂದ ಆದ ಗಾಯ, ಹಾಗಾಗಿ ತಾನೇ ಕಫೀಲ್ ಆಗಿ, ವೀಸಾದ ಹೊಣೆ ಹೊತ್ತು, ಅವರನ್ನು ಇಟ್ಟುಕೊಳ್ಳುತ್ತೇನೆ, ಸಂಜೆ ಮಕ್ಕಳಿಗೆ ಆಟ ಕಲಿಸಲಿ ಎಂದರು. ಹಾಲ್ ನೋಡಿಕೊಳ್ಳುವ ಬಂಗಾಳಿ ಚಾಚಾನನ್ನು ಕೆಲಸದಿಂದ ತೆಗೆಯುತ್ತೇನೆ, ಚೀಲ ಇಡದೆ ಇದ್ದವನು ಅವನೇ ಅಂತಲೂ ಹೇಳಿ ಹೋದರು.

ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಡೇರೆಯ ಗಲಾಟೆಯಲ್ಲಿ ನಾನು ತಂದ ಚೀಲ ಗೋಲಿನ ಹಿಂದಿನದೆಂದು ಯಾರೂ ಗಮನಿಸಿರಲಿಲ್ಲ. ಯಜಮಾನರು ಹೋದ ಮೇಲೆ ಕಾಕನಿಗೆ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಖರ್ಜೂರದ ಬೀಜವನ್ನು ಬಾಯಲ್ಲಿ ಆಚೆ ಈಚೆ ಮಾಡುತ್ತಿದ್ದರು.

"ಹಾಗಾದ್ರೆ ನಾಳೆ ಹೋಗಿ ಕೈ ಎತ್ತು," ಎಂದರು ಕೊನೆಗೆ.

ಎತ್ತಿದರೆ ಯಜಮಾನರ ಮೇಲೆ ಯಾವ ಹೊಣೆಯೂ ಉಳಿಯುವುದಿಲ್ಲ, ನಿಮ್ಮನ್ನು ಇಟ್ಟುಕೊಳ್ಳಲು ಅವರಿಗೆ ಕಾರಣವೇ ಇರುವುದಿಲ್ಲ ಎಂದೆ. ಅದು ಕಾಕನಿಗೆ ನನಗಿಂತ ಮೊದಲೇ ಹೊಳೆದಿತ್ತು. ಚಾಚಾನ ಅನ್ನ ಕಸಿದು ತಾನು ಉಣ್ಣುವುದಿಲ್ಲ ಎಂದಷ್ಟೇ ಹೇಳಿ, ಲೈಟ್ ಆಫ್ ಮಾಡು, ಕಣ್ಣು ಉರಿಯುತ್ತದೆ ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಯಜಮಾನರ ಮಜ್ಲಿಸ್‌ನಲ್ಲಿ, ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ಇಬ್ಬರೂ ಕೂತೆವು. ಅರಬರ ಕಾಫಿ, ಖಹ್ವಾ, ಬಂತು. ನನ್ನ ಅರಬಿ ಆಫೀಸಿಗೆ ಸಾಕಾಗುವಷ್ಟಿತ್ತು, ಇಂಥ ಮಾತಿಗೆ ಸಾಲಲಿಲ್ಲ. ಶಾಲೆಯ ಹುಡುಗನ ಹಾಗೆ ಬಲಗೈ ಎತ್ತಿ ಕೂತುಬಿಟ್ಟೆ. ಯಜಮಾನರು ನನಗೆ ಇನ್ನೂ ಖಹ್ವಾ ಬೇಕೇನೋ ಎಂದುಕೊಂಡು ಪಾತ್ರೆ ಎತ್ತಿದರು. ಕಾಕನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಭುಜ ನೋಯುತ್ತಿತ್ತು, ಹಿಡಿದುಕೊಂಡು ನಕ್ಕರು. ಆಮೇಲೆ ತನ್ನ ಹರಕು ಅರಬಿಯಲ್ಲಿ ನಮ್ಮ ನಿಯಮ ಏನು, ಇವನು ಯಾಕೆ ಕೈ ಎತ್ತಿದ್ದಾನೆ, ಚೀಲ ಎಲ್ಲಿಗೆ ಹೋಗಿತ್ತು ಎಲ್ಲ ವಿವರಿಸಿದರು. ಗೋಳಿಬಜೆಗೆ ಅರಬಿ ಮಾತು ಸಿಗದೆ ಕೈಯಲ್ಲೇ ಉಂಡೆ ಮಾಡಿ ತೋರಿಸಿದರು.

ಯಜಮಾನರು ಎದ್ದರು. ಬಾಗಿಲ ಹತ್ತಿರ ಹೋಗಿ ಚಾಚಾನನ್ನು ಕರೆದು, ಒಳಗೆ ಕೂರಿಸಿ, ತಾನೇ ಖಹ್ವಾ ಬಗ್ಗಿಸಿ ಕೊಟ್ಟರು. ಆ ಮುದುಕ ಏನು ನಡೆಯುತ್ತಿದೆಯೆಂದು ಗೊತ್ತಾಗದೆ ಕಪ್ಪು ಹಿಡಿದು ನಮ್ಮನ್ನೇ ನೋಡಿದ. ನನಗೆ ಬೈಗಳ ಬೇಕಾದಷ್ಟು ಸಿಕ್ಕಿತು. ಎರಡೂ ಗೋಲನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವ ಕೆಲಸವೂ ನನ್ನ ತಲೆಗೇ ಬಂತು. ಕೊನೆಗೆ ಯಜಮಾನರು ಕಾಕನ ಕಡೆ ತಿರುಗಿದರು. ಅರಬರು ಕೋಚನ್ನು ಕಾಬ್ತನ್ ಎನ್ನುತ್ತಾರೆ.

"ಯಲ್ಲಾ ಕಾಬ್ತನ್," ಎಂದರು. "ಭಾನುವಾರ ಬಾ. ಗೋಲು ಹೊಡೆಯಲು ಕಲಿಸುವವರು ನನಗೆ ಬೇಕಾದಷ್ಟು ಸಿಗುತ್ತಾರೆ."

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಕಾಕ ಬಲಗೈಯಿಂದ ನನ್ನ ತಲೆಗೆ ಒಂದು ಕೊಟ್ಟರು. ನೋವಾಯಿತು. ಅಷ್ಟು ಸಂತೋಷ ನನಗೆ ಪಂದ್ಯ ಗೆದ್ದಾಗಲೂ ಆಗಿರಲಿಲ್ಲ.

ಆಮೇಲಿನ ಐದು ವರ್ಷ ಆ ಹಾಲಿನ ಗದ್ದಲ ಕೇಳಬೇಕಿತ್ತು! ಇಂಡಿಯನ್ ಶಾಲೆಯ ಮಕ್ಕಳು, ಸೌದಿ ಮಕ್ಕಳು, ಈಜಿಪ್ಟಿನವರು. ಕಾಕ ಅರಬಿಯಲ್ಲಿ ಶುರು ಮಾಡಿ, ಸಿಟ್ಟು ಏರಿದ ಹಾಗೆ ಹಿಂದಿಗೆ ಬಂದು, ಪೂರ್ತಿ ಏರಿದಾಗ ತುಳುವಿಗೆ ಇಳಿಯುತ್ತಿದ್ದರು. ಹಿಂದೆ ನೋಡು ಎನ್ನಲು "ಪಿರ ತೂಲ" ಎಂದು ಕೂಗುವರು. ಒಂದು ವರ್ಷ ಕಳೆಯುವಷ್ಟರಲ್ಲಿ ಜಿಜಾನಿನ ಸೌದಿ ಮಕ್ಕಳು ಆಟದ ನಡುವೆ ಒಬ್ಬರಿಗೊಬ್ಬರು ಪಿರ ತೂಲ, ಪಿರ ತೂಲ ಎಂದು ಕಿರುಚುವುದನ್ನು ಕೇಳಿ ನಾವು ಗ್ಯಾಲರಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕನ ಎಡಗೈ ಮಡಚಿಕೊಂಡೇ ಇರುತ್ತಿತ್ತಲ್ಲ, ಡಿಫೆನ್ಸ್ ಆಡುವವರು ಹಾಗೇ ನಿಲ್ಲಬೇಕೆಂದು ತಿಳಿದು ಸಣ್ಣ ಮಕ್ಕಳೆಲ್ಲ ಎಡಗೈ ಎದೆಗೆ ಮಡಚಿ ಸಾಲಾಗಿ ನಿಲ್ಲುತ್ತಿದ್ದರು. ಕಾಕ ತಿದ್ದಲೂ ಇಲ್ಲ. ಮಂಗಳೂರಿನ ಒಬ್ಬ ತಾಯಿ ಒಂದು ದಿನ ಬಂದು, ನಿಮ್ಮಿಂದಾಗಿ ಮನೆಯಲ್ಲಿ ಬೈಯಲೇ ಆಗುವುದಿಲ್ಲ, ಗಾಜಿನ ಜಗ್ಗು ಒಡೆದವನು ನಾನು ಬರುವ ಮೊದಲೇ ಕೈ ಎತ್ತಿ ನಿಂತಿರುತ್ತಾನೆ ಎಂದು ದೂರು ಕೊಟ್ಟರು. ಕಾಕ ಆ ದೂರನ್ನು ಪ್ರಶಸ್ತಿಯ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಹಿರಿಯ ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಅವರು ಊರಿಗೆ ಹೋದರು. ನಾನು ರಿಯಾದಿಗೆ ಬಂದೆ. ಹೋದ ವರ್ಷ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು. ಅಂಗಡಿಗೆ ಹೋಗಿ ಬಂದವರು ಜಗಲಿಯಲ್ಲಿ ಕೂತರಂತೆ, ಮತ್ತೆ ಏಳಲಿಲ್ಲವಂತೆ...

ಈ ಸಲ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಶರಬತ್ತು ಕೊಟ್ಟು, ಸ್ವಲ್ಪ ಹೊತ್ತು ಊರಿನ ವಿಷಯ ಮಾತಾಡಿ, ಆಮೇಲೆ ಕೇಳಿದರು: ಅವರು ಆಡುವ ವಿಡಿಯೊ ನಿನ್ನಲ್ಲಿ ಉಂಟಾ? ಮದುವೆಯಾಗಿ ಇಪ್ಪತ್ತೈದು ವರ್ಷ, ಗಂಡ ಆಡುವುದನ್ನು ಒಮ್ಮೆಯೂ ನೋಡಿದವರಲ್ಲ. ನಾನು ಫೋನು ತೆಗೆದು ಹುಡುಕಿದೆ. ಹತ್ತಾರು ವಿಡಿಯೊ ಇದ್ದವು, ಎಲ್ಲದರಲ್ಲೂ ಗೋಲು ಹೊಡೆಯುವವರೇ. ಡಿಫೆಂಡರನ್ನು ಯಾರು ತೆಗೆಯುತ್ತಾರೆ? ಕಾಕ ಎಲ್ಲೋ ಒಂದು ಅಂಚಿನಲ್ಲಿ ಅರ್ಧ ಅಂಗಿಯಾಗಿ ಬಂದು ಹೋಗುತ್ತಿದ್ದರು. ಅವರು ಪೂರ್ತಿ ಕಾಣುವುದು ಒಂದರಲ್ಲಿ ಮಾತ್ರ. ಗೆದ್ದ ಸಂಭ್ರಮ ತೆಗೆಯಲು ಹೋದ ಯಾರದೋ ಫೋನಿಗೆ ಸಿಕ್ಕ ಹನ್ನೆರಡು ಸೆಕೆಂಡು. ಅದನ್ನು ನಾನು ಒಬ್ಬನೇ ಇರುವಾಗ ಹಾಕಿ, ಬಾರು ಬೀಳುವ ಮೊದಲು ನಿಲ್ಲಿಸುತ್ತಿದ್ದೆ.

ಅಕ್ಕನಿಗೆ ಮೊದಲು ನಿಜ ಹೇಳಿದೆ. ಅವರು ಜಾರಿ ಬಿದ್ದದ್ದಲ್ಲ, ಕೆಳಗೆ ಮಲಗಿರುವವನು ನಾನು, ಚೀಲ ತೆಗೆದವನೂ ನಾನೇ. ಆಮೇಲೆ ಫೋನು ಕೊಟ್ಟೆ. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಅವರು ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು.

"ಇಲ್ಲಿ ಚಾ ಆರಿದ್ರೂ ಎದ್ದು ಬರ್ತಿರಲಿಲ್ಲ ಇವ್ರು," ಎಂದರು. ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಇಷ್ಟು ಜೋರು ಓಡ್ತಿದ್ರಾ?"

ಮಕ್ಕಳಿಗೂ ಕಳಿಸು ಎಂದರು. ಅಲ್ಲೇ ಕಳಿಸಿದೆ.

ಹೆದರಿಕೆ ಹೋಗಿದೆ ಎನ್ನಲಾರೆ. ಆದರೆ ಈಗ ಆ ವಿಡಿಯೊ ಹಾಕಿದಾಗ ನನ್ನ ಕಣ್ಣು ಬಾರಿನ ಮೇಲೆ ಇರುವುದಿಲ್ಲ. ಪರದೆಯ ಎಡ ಮೂಲೆಯಲ್ಲಿ ಒಬ್ಬರು ಎಲ್ಲರಿಗೂ ಬೆನ್ನು ಹಾಕಿ ತಿರುಗುತ್ತಾರೆ, ನನ್ನ ಕಡೆ ಬರುತ್ತಾರೆ. ಆರು ಹೆಜ್ಜೆ. ನಿನ್ನೆ ಎಣಿಸಿದೆ. ಇದನ್ನು ಕಾಕನಿಗೇ ಹೇಳಬೇಕೆನಿಸಿ ಫೋನಿನಲ್ಲಿ ಅವರ ಹೆಸರು ತೆಗೆದೆ. ನಂಬರ್ ಹಾಗೇ ಇದೆ. ಸ್ವಲ್ಪ ಹೊತ್ತು ನೋಡಿ ಫೋನು ಕೆಳಗಿಟ್ಟೆ.