ತಮ್ಮನ ಕಣ್ಣಿನ ನಾಟಕ

ಹೆಣ್ಣು ನೋಡಿ ಬಂದ ನನ್ನ ತಮ್ಮ "ಹುಡುಗಿ ಮುಖಾನೇ ಕಾಣ್ಲಿಲ್ಲ" ಅಂದ. ನಮ್ಮಪ್ಪನಿಗೆ ಅಷ್ಟೇ ಸಾಕಾಯಿತು. ಒಲ್ಲೆ ಅನ್ನಲು ಧೈರ್ಯವಿಲ್ಲ, ಅದಕ್ಕೇ ಈ ನಾಟಕ ಎಂದು ಹರಿಹರದ ನಮ್ಮ ಓಣಿಗೆಲ್ಲ ಕೇಳುವಂತೆ ಕೂಗಾಡಿದ. ತೊಂಬತ್ತರ ದಶಕದ ಕೊನೆಯ ಮಾತಿದು. ತಮ್ಮ ದಾವಣಗೆರೆಯ ಕರೂರಿನಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಕೆಲವು ತಿಂಗಳಿಂದ ಎರಡೂ ಕಣ್ಣಲ್ಲಿ ನಟ್ಟನಡುವೆ ಮಬ್ಬು. ಸುತ್ತಲಿನದೆಲ್ಲ ಕಾಣುತ್ತದೆ, ದಿಟ್ಟಿಸಿದ್ದು ಮಾತ್ರ ಕಾಣುವುದಿಲ್ಲ ಅನ್ನುತ್ತಿದ್ದ. ಅದಕ್ಕೂ ಅಪ್ಪನ ಬಳಿ ಉತ್ತರ ಸಿದ್ಧ: "ಎಮ್ಮಿ ಅಡ್ಡ ಬಂದ್ರೆ ಸರ್ಕೊಂಡು ಹೋಗ್ತಾನೆ. ಕುರುಡ ಏನ್ರಿ ಇವನು?" ಊರಿನ ಕಣ್ಣಿನ ಡಾಕ್ಟರೂ ಬ್ಯಾಟರಿ ಬಿಟ್ಟು ನೋಡಿ, ಕಣ್ಣು ಚೆನ್ನಾಗೇ ಇದೆ ಎಂದುಬಿಟ್ಟರು.

ಕೊನೆಗೆ ನಾನೇ ಹಟ ಹಿಡಿದು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಕಣ್ಣಿಗೆ ಬಿದ್ದದ್ದು ಮಿದುಳಿನವರೆಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡುವ ಯಂತ್ರ ಅಲ್ಲಿತ್ತು. ತಲೆಯ ಹಿಂಭಾಗಕ್ಕೆ ತಂತಿ ಅಂಟಿಸಬೇಕು. ಅಂಟಿದರೆ ತಾನೆ! ಕಣ್ಣಿನ ಉಷ್ಣ ಇಳಿಯಲಿ ಎಂದು ಅವ್ವ ನೆತ್ತಿಗೆ ಹರಳೆಣ್ಣೆ ಸುರಿದು ಕಳಿಸಿದ್ದಳು. ಯಂತ್ರ ನಡೆಸುವಾತ "ತಲಿ ತೊಳ್ಕೊಂಡು ನಾಳೆ ಬರ್ರಿ" ಅಂದ. ಮರುದಿನ ಸೀಗೆಕಾಯಿ ಹಾಕಿ ನಾನೇ ತಿಕ್ಕಿ ತೊಳೆದೆ. ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಅವ್ವ ಮತ್ತೆ ಎಣ್ಣೆ ಹಚ್ಚಿದ್ದಳು. "ಬರೀ ತಲೀಲಿ ದವಾಖಾನಿಗೆ ಹೋಗ್ತಾರೇನೆ?" ನಾನು ಹಣೆ ಚಚ್ಚಿಕೊಂಡೆ.

ಇನ್ನೊಮ್ಮೆ ತೊಳೆದು ಬಸ್ಸು ಹಿಡಿದೆವು. ಈ ಸಲ ಅಪ್ಪನೂ ಬಂದ. ಮಗ ಸಿಕ್ಕಿಬೀಳುವುದನ್ನು ಎದುರೇ ಕೂತು ನೋಡಬೇಕಂತೆ. ತಂತಿ ಅಂಟಿತು. ಟಿವಿಯಂಥ ಪರದೆಯ ಮೇಲೆ ಕಪ್ಪು ಬಿಳಿ ಚೌಕಗಳು ಅದಲುಬದಲಾಗತೊಡಗಿದವು.

"ನಡುವಿನ ಕೆಂಪು ಚುಕ್ಕಿ ನೋಡ್ರಿ" ಅಂದ ಯಂತ್ರ ನಡೆಸುವಾತ.

"ಚುಕ್ಕಿ ಕಾಣಂಗಿಲ್ರಿ" ಅಂದ ತಮ್ಮ.

"ಅಲ್ಲೇ ಐತಲ್ರಿ, ಸರಿಯಾಗಿ ನೋಡ್ರಿ!"

"ನೋಡಿದ್ರಾ, ಶುರು ಮಾಡ್ದ" ಅಂದ ಅಪ್ಪ.

ನನ್ನ ಪಿತ್ತ ನೆತ್ತಿಗೇರಿತು. ನಡುವೆ ಕಾಣುವುದಿಲ್ಲ ಎಂದು ಬಂದವನಿಗೆ ನಡುವೆ ನೋಡು ಅನ್ನುವ ಪರೀಕ್ಷೆ! "ಅದು ಕಾಣಂಗಿಲ್ಲ ಅಂತಾನೇ ಬಂದಿರೋದ್ರಿ ನಾವು" ಎಂದು ಕಿರುಚಿದೆ. ಯಂತ್ರದವ ಗೊಣಗುತ್ತಾ ಪರದೆಯ ಮೂಲೆಯಿಂದ ಮೂಲೆಗೆ ಎರಡು ಅಗಲ ಪಟ್ಟಿ ಅಡ್ಡಡ್ಡ ಅಂಟಿಸಿ, ತುದಿಗಳು ಕಾಣುತ್ತವಲ್ಲ, ಎರಡೂ ಕೂಡುವ ಕಡೆ ಕಣ್ಣು ನಿಲ್ಲಿಸು ಎಂದು ಹೇಳಿದ.

ಸಂಜೆ ಡಾಕ್ಟರು ಯಂತ್ರ ಗೆರೆ ಎಳೆದ ಕಾಗದ ತೋರಿಸಿದರು. ಅಲೆ ಏಳಬೇಕಾದಲ್ಲಿ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿತ್ತು; ಕಣ್ಣಿಗೆ ಬಿದ್ದದ್ದು ಮಿದುಳಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅವ್ವನ ತಮ್ಮನಿಗೂ ಹರೆಯದಲ್ಲಿ ಹೀಗೇ ಕಣ್ಣು ಹೋಗಿತ್ತೆಂದು ನಮ್ಮಿಂದ ಕೇಳಿ ತಿಳಿದುಕೊಂಡರು. ಇದು ತಾಯಿಯ ಕಡೆಯಿಂದ ಬರುವ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದ ಕಾಯಿಲೆ ಇರಬೇಕು, ಕಣ್ಣಿನ ನರ ಸೋತಿದೆ, ಔಷಧಿ ಇಲ್ಲ ಎಂದರು.

"ಹುಡುಗ ನಾಟಕ ಮಾಡ್ತಿಲ್ಲ" ಅಂದರು ಅಪ್ಪನಿಗೆ.

ತಮ್ಮ ತಲೆ ತಗ್ಗಿಸಿ ಕೂತಿದ್ದ. ಅಪ್ಪ ಎದ್ದು ನಿಂತು ಕೈಮುಗಿದ.

"ಇಲ್ರಿ ಸಾಹೇಬ್ರೆ, ಇವನು ಸಣ್ಣವನಿದ್ದಾಗಿಂದ ಸುಳ್ಳುಗಾರ. ನಿಮಗೂ ಸುಳ್ಳು ಹೇಳ್ಯಾನೆ. ಇನ್ನೊಂದ್ಸಲ ನೋಡ್ರಿ."